ಸುಂಕ ಇಳಿದಾಗಲೇ ಬಂಡಾಯ ಏಕೆ? ಅಮೆರಿಕದ ವಸಾಹತುಗಳು, 1764ರಿಂದ 1775 – ಚರ್ಚೆ

ಸುಂಕದಕಟ್ಟೆ
ಅಮೆರಿಕದ 13 ವಸಾಹತುಗಳು ಬ್ರಿಟನ್ ವಿರುದ್ಧ ತಿರುಗಿಬಿದ್ದ ಮಾತು ಬಂದಾಗಲೆಲ್ಲ ‘ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ’ ಎಂಬ ಘೋಷಣೆ, ಅದರ ಹಿಂದೆ ನಾಲ್ಕೈದು ಕಾಯ್ದೆಗಳ ಹೆಸರು, ಅಲ್ಲಿಗೆ ಮುಗಿಯುತ್ತದೆ. ದರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ವಿವರಣೆ ಸಾಲುವುದಿಲ್ಲ. ವಿದೇಶಿ ಕಾಕಂಬಿಯ ಮೇಲೆ 1733ರಿಂದಲೇ ಗ್ಯಾಲನ್ನಿಗೆ 6 ಪೆನ್ನಿ ಸುಂಕವಿತ್ತು. 30 ವರ್ಷ ಯಾರೂ ದಂಗೆ ಏಳಲಿಲ್ಲ. 1764ರಲ್ಲಿ ಅದನ್ನು 3 ಪೆನ್ನಿಗೆ ಇಳಿಸಿದರು, ಗಲಾಟೆ ಶುರುವಾಯಿತು. 1773ರ ಚಹಾ ಕಾಯ್ದೆಯಿಂದ ಚಹಾ ಅಗ್ಗವಾಗುವುದಿತ್ತು, ಅದೇ ಚಹಾ ಸಮುದ್ರಕ್ಕೆ ಬಿತ್ತು. ಬ್ರಿಟನ್ನಿನ ನಿವಾಸಿ ಕಟ್ಟುತ್ತಿದ್ದ ತೆರಿಗೆ ವಸಾಹತಿನವನದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಹಾಗಾದರೆ ಕೆಣಕಿದ್ದು ಏನು? ಕಾಯ್ದೆಯ ಒಳಗಿನ ಕಲಮುಗಳು, ವಸೂಲಿಯ ವಿಧಾನ, ನ್ಯಾಯಾಲಯ, ನಾಣ್ಯ, ಇವನ್ನು ಬಿಡಿಸಿ ಹೇಳಬಲ್ಲವರು ದಯವಿಟ್ಟು ಬರೆಯಿರಿ.

ಕಡತದಕೋಣೆ
6 ಪೆನ್ನಿ ಇದ್ದದ್ದು ಕಾಗದದ ಮೇಲೆ ಮಾತ್ರ. ಬ್ರಿಟಿಷ್ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳ ಮಾಲೀಕರಿಗಾಗಿ, ಫ್ರೆಂಚ್ ದ್ವೀಪಗಳ ಕಾಕಂಬಿ ಒಳಗೆ ಬರಲೇಬಾರದು ಎಂದು ಇಟ್ಟ ದರ ಅದು. ಆದರೆ ಬ್ರಿಟಿಷ್ ದ್ವೀಪಗಳ ಕಾಕಂಬಿ ನ್ಯೂ ಇಂಗ್ಲೆಂಡಿನ (ಬಾಸ್ಟನ್ ಸುತ್ತಲಿನ ಈಶಾನ್ಯ ವಸಾಹತುಗಳ) ರಮ್ ಭಟ್ಟಿಗಳಿಗೆ ಎಲ್ಲಿಗೂ ಸಾಲುತ್ತಿರಲಿಲ್ಲ. ರೋಡ್ ಐಲೆಂಡ್ 1764ರಲ್ಲಿ ಕೊಟ್ಟ ಮನವಿಯ ಲೆಕ್ಕದಂತೆ ಆ ಪುಟ್ಟ ವಸಾಹತಿಗೆ ವರ್ಷಕ್ಕೆ 14,000 ಪೀಪಾಯಿ ಕಾಕಂಬಿ ಬರುತ್ತಿತ್ತು, ಅದರಲ್ಲಿ ಬ್ರಿಟಿಷ್ ದ್ವೀಪಗಳದ್ದು ಹೆಚ್ಚೆಂದರೆ 2,500. ಮಿಕ್ಕದ್ದಕ್ಕೆ ಗ್ಯಾಲನ್ನಿಗೆ ಒಂದು, ಒಂದೂವರೆ ಪೆನ್ನಿ ಸುಂಕದವನ ಕೈಗಿಟ್ಟರೆ ಸರಕು ಇಳಿಯುತ್ತಿತ್ತು. 1763ರಲ್ಲಿ ಲಂಡನ್ನಿನ ಖಜಾನೆ ಲೆಕ್ಕ ತೆಗೆಸಿದಾಗ ಅಮೆರಿಕದ ಸುಂಕದಿಂದ ವರ್ಷಕ್ಕೆ ಸುಮಾರು 2,000 ಪೌಂಡ್ ಬರುತ್ತಿತ್ತು, ಅದನ್ನು ವಸೂಲು ಮಾಡಲು 7,000ದಿಂದ 8,000 ಪೌಂಡ್ ಖರ್ಚಾಗುತ್ತಿತ್ತು.

ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಲೆಕ್ಕಪತ್ರದಲ್ಲಿ ಮುಳುಗಿದ ಮನುಷ್ಯ. ದರವನ್ನು ಲಂಚದ ಹತ್ತಿರಕ್ಕೆ ಇಳಿಸಿ ವಸೂಲಿಯನ್ನು ಬಿಗಿ ಮಾಡಿದರೆ ಜನ ಕಟ್ಟುತ್ತಾರೆ ಎಂದು ಅವನ ಎಣಿಕೆ. ಹಾಗಾಗಿ 1764ರ ಸಕ್ಕರೆ ಕಾಯ್ದೆಯಲ್ಲಿ ದರದ ಪಟ್ಟಿ ಚಿಕ್ಕದು, ವಿಧಿವಿಧಾನ ದೊಡ್ಡದು. ಸರಕು ತುಂಬುವ ಮೊದಲು ಮುಚ್ಚಳಿಕೆ ಬರೆದುಕೊಡಬೇಕು: ಹಡಗು 100 ಟನ್ನಿಗಿಂತ ಚಿಕ್ಕದಾದರೆ 1,000 ಪೌಂಡಿಗೆ, ದೊಡ್ಡದಾದರೆ 2,000 ಪೌಂಡಿಗೆ. ಒಂದು ವಸಾಹತಿನಿಂದ ಇನ್ನೊಂದಕ್ಕೆ ಹೋಗುವ ಸರಕಿಗೂ ರವಾನೆ ಚೀಟಿ ಬೇಕು. ಅದರಲ್ಲಿ ಪ್ರತಿ ಮೂಟೆ, ಪೀಪಾಯಿಯ ಗುರುತು, ಪ್ರಮಾಣ, ಕಳಿಸಿದವರು ಯಾರು, ಪಡೆಯುವವರು ಯಾರು ಎಲ್ಲ ನಮೂದಾಗಬೇಕು. ಚೀಟಿಗೂ ಸರಕಿಗೂ ತಾಳೆಯಾಗದಿದ್ದರೆ ಜಪ್ತಿ.

ಜಪ್ತಿಯಾದ ಮೇಲಿನ ಕಲಮುಗಳೇ ನಿಜವಾಗಿ ಬಿಸಿ ಮುಟ್ಟಿಸಿದ್ದು. ಮೊಕದ್ದಮೆಯನ್ನು ಸ್ಥಳೀಯ ನ್ಯಾಯಾಲಯದಲ್ಲಿ ಊರಿನವರೇ ಕೂರುವ ಜ್ಯೂರಿಯ ಮುಂದೆ ನಡೆಸಬೇಕೆಂದಿಲ್ಲ, ನೌಕಾ ವ್ಯವಹಾರದ ಅಡ್ಮಿರಾಲ್ಟಿ ನ್ಯಾಯಾಲಯಕ್ಕೆ ಒಯ್ಯಬಹುದು. ಅಲ್ಲಿ ಒಬ್ಬನೇ ನ್ಯಾಯಾಧೀಶ, ಜ್ಯೂರಿ ಇಲ್ಲ. ಇಡೀ ಅಮೆರಿಕಕ್ಕೆ ಸೇರಿದ ಹೊಸ ನ್ಯಾಯಾಲಯವನ್ನು ನೋವಾ ಸ್ಕೋಶಿಯಾದ ಹ್ಯಾಲಿಫ್ಯಾಕ್ಸ್‌ನಲ್ಲಿ ತೆರೆದರು. ಫಿಲಡೆಲ್ಫಿಯಾದ ವ್ಯಾಪಾರಿ ತನ್ನ ಸರಕು ಬಿಡಿಸಿಕೊಳ್ಳಲು ಸಾಕ್ಷಿಗಳನ್ನು ಕಟ್ಟಿಕೊಂಡು ಅಲ್ಲಿಯವರೆಗೆ ಹೋಗಬೇಕಾಗಬಹುದು. ಹಕ್ಕು ಸಾಧಿಸಲು ಮೊದಲು 60 ಪೌಂಡ್ ಭದ್ರತೆ ಇಡಬೇಕು. ಸುಂಕ ಕಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು, ಕಟ್ಟಿಲ್ಲ ಎಂದು ಅಧಿಕಾರಿ ತೋರಿಸಬೇಕಿಲ್ಲ. ಮಾಲೀಕ ಗೆದ್ದರೂ ‘ಜಪ್ತಿಗೆ ತಕ್ಕ ಕಾರಣವಿತ್ತು’ ಎಂದು ನ್ಯಾಯಾಧೀಶ ಬರೆದುಕೊಟ್ಟರೆ ಸಾಕು: ಅಧಿಕಾರಿಯ ಮೇಲೆ ದಾವೆ ಹೂಡಿದರೆ ಸಿಗುವ ಪರಿಹಾರ ಹೆಚ್ಚೆಂದರೆ 2 ಪೆನ್ನಿ, ಅಧಿಕಾರಿಗೆ ಬೀಳುವ ದಂಡ ಹೆಚ್ಚೆಂದರೆ 1 ಶಿಲಿಂಗ್. ಜಪ್ತಿ ಊರ್ಜಿತವಾದರೆ ಹರಾಜಿನ ಹಣದಲ್ಲಿ ಅಧಿಕಾರಿಗೆ ಪಾಲು.

ಅಧಿಕಾರಿ ಸೋತರೆ ಅವನ ಗಂಟೇನೂ ಹೋಗದು, ಗೆದ್ದರೆ ಲಾಭ. ಇಂಥ ಕಾಯ್ದೆಯಲ್ಲಿ ದರ 3 ಪೆನ್ನಿ ಇರಲಿ, 1 ಪೆನ್ನಿ ಇರಲಿ, ವ್ಯಾಪಾರಿಗೆ ಭಯ ಅಷ್ಟೇ.

ಕಡಲಂಚು
ಕಲಮುಗಳ ವಿಷಯ ಒಪ್ಪುತ್ತೇನೆ. ಆದರೆ ಬಾಸ್ಟನ್ ಮತ್ತು ನ್ಯೂಪೋರ್ಟ್ ವ್ಯಾಪಾರಿಗಳ ಕೂಗಿನಲ್ಲಿ ಕಳ್ಳಸಾಗಣೆಯ ಸ್ವಾರ್ಥ ಎಷ್ಟಿತ್ತು ಎಂಬುದನ್ನು ಮುಚ್ಚಿಡಬಾರದು. ಇನ್ನೊಂದು ಎಡವಟ್ಟಾದ ಸತ್ಯವಿದೆ. 1766ರಲ್ಲಿ ಕಾಕಂಬಿಯ ಸುಂಕ ಗ್ಯಾಲನ್ನಿಗೆ 1 ಪೆನ್ನಿಗೆ ಇಳಿಯಿತು, ಅದೂ ಬ್ರಿಟಿಷ್, ವಿದೇಶಿ ಎರಡಕ್ಕೂ. ತನ್ನದೇ ಸಾಮ್ರಾಜ್ಯದ ಸರಕಿಗೂ ಸುಂಕ ಹಾಕಿದ ಮೇಲೆ ಅದು ವ್ಯಾಪಾರ ನಿಯಂತ್ರಣವಾಗಿ ಉಳಿಯಲಿಲ್ಲ, ಶುದ್ಧ ಆದಾಯದ ತೆರಿಗೆ. ‘ಪ್ರಾತಿನಿಧ್ಯ’ವೇ ಮೂಲ ತತ್ವವಾಗಿದ್ದರೆ ಅದಕ್ಕೂ ಬೀದಿಗಿಳಿಯಬೇಕಿತ್ತು. ಇಳಿಯಲಿಲ್ಲ. ಸುಮ್ಮನೆ ಕಟ್ಟಿದರು. ಆ ಕಾಲದಲ್ಲಿ ಅಮೆರಿಕದಿಂದ ಖಜಾನೆಗೆ ನೆಟ್ಟಗೆ ಹಣ ತಂದ ಸುಂಕಗಳಲ್ಲಿ ಮುಖ್ಯವಾದದ್ದು ಇದೇ.

ಕಡತದಕೋಣೆ
@ಕಡಲಂಚು ಸ್ವಾರ್ಥ ಇತ್ತು, ಖಂಡಿತ. ಆದರೆ ಕಳ್ಳಸಾಗಣೆಯ ನಂಟಿಲ್ಲದವರೂ ಆ ಕಡೆ ಹೋದದ್ದು ಹೇಗೆ ಎಂಬುದಕ್ಕೆ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನ ಹೆನ್ರಿ ಲಾರೆನ್ಸ್ ಪ್ರಕರಣ ನೋಡಿ. ಭಾರೀ ವ್ಯಾಪಾರಿ, ಗುಲಾಮರ ಮಾರಾಟದಿಂದ ಸಂಪತ್ತು ಮಾಡಿದವನು, ಸ್ವಭಾವದಿಂದ ರಾಜನಿಷ್ಠ. ದಸ್ತಾವೇಜು, ಪತ್ರಿಕೆಗಳಿಗೆ ಛಾಪಾ ಕಾಗದ ಕಡ್ಡಾಯ ಮಾಡಿದ 1765ರ ಸ್ಟಾಂಪ್ ಕಾಯ್ದೆಯ ಗಲಾಟೆಯಲ್ಲಿ ಗುಂಪುಗಾರಿಕೆಯನ್ನು ವಿರೋಧಿಸಿದ. 1765ರ ಅಕ್ಟೋಬರಿನಲ್ಲಿ ಛಾಪಾ ಕಾಗದ ಬಚ್ಚಿಟ್ಟಿದ್ದಾನೆಂದು ಗುಂಪೊಂದು ಅವನ ಮನೆಯನ್ನೇ ಜಾಲಾಡಿತು.

1767ರಲ್ಲಿ ಅವನ ಎರಡು ಸಣ್ಣ ಹಡಗು, ‘ವಾಂಬಾ’ ಮತ್ತು ‘ಬ್ರಾಟನ್ ಐಲೆಂಡ್ ಪ್ಯಾಕೆಟ್’, ಜಾರ್ಜಿಯಾದ ಅವನದೇ ತೋಟಗಳಿಗೆ ಸಾಮಾನು ಒಯ್ದು ಮರಳಿದವು. ಖಾಲಿ ಹಡಗು ಅಲೆಗೆ ಹೊಯ್ದಾಡದಿರಲೆಂದು ತಳದಲ್ಲಿ ಭಾರ ಹೇರುತ್ತಾರಲ್ಲ, ‘ವಾಂಬಾ’ದಲ್ಲಿ ಅದಕ್ಕೆ ಮರದ ಹಲಗೆಹೆಂಚು ತುಂಬಿದ್ದರು. ಆ ತೋಟಗಳ ಹತ್ತಿರ ಸುಂಕದ ಕಚೇರಿಯೇ ಇಲ್ಲ, ಮುಚ್ಚಳಿಕೆ ಬರೆಸುವುದು ಎಲ್ಲಿ? ಸುಂಕದವರು ಎರಡನ್ನೂ ಹಿಡಿದರು. ಅಡ್ಮಿರಾಲ್ಟಿ ನ್ಯಾಯಾಧೀಶ ಎಗರ್ಟನ್ ಲೀ ಒಂದನ್ನು ಜಪ್ತಿ ಮಾಡಿ ಇನ್ನೊಂದನ್ನು ಬಿಟ್ಟ. ಅದೇ ಲೀ ವಸಾಹತಿನ ಅಟಾರ್ನಿ ಜನರಲ್ ಕೂಡ ಆಗಿದ್ದ. ಮರುವರ್ಷ ಲಾರೆನ್ಸ್ ಪಾಲು ಹೊಂದಿದ್ದ ‘ಆ್ಯನ್’ ಹಡಗನ್ನು ಹಿಡಿದರು. ಈ ಸಲ ಹಡಗು ಬಿಡುಗಡೆಯಾಯಿತು, ಆದರೆ ಜಪ್ತಿಗೆ ಕಾರಣವಿತ್ತೆಂದು ಲೀ ಪ್ರಮಾಣಪತ್ರ ಕೊಟ್ಟುಬಿಟ್ಟ. ಪರಿಹಾರದ ಬಾಗಿಲು ಮುಚ್ಚಿತು. ನಾನು ಮೇಲೆ ಹೇಳಿದ 2 ಪೆನ್ನಿಯ ಕಲಮು ಕೆಲಸ ಮಾಡುತ್ತಿದ್ದದ್ದು ಹೀಗೆ. ಲಾರೆನ್ಸ್ ಕರಪತ್ರಗಳನ್ನು ಅಚ್ಚು ಹಾಕಿಸಿ ಎಲ್ಲ ವಸಾಹತುಗಳಿಗೂ ಹಂಚಿದ. 1777ರಲ್ಲಿ ಬಂಡಾಯಗಾರರ ಕಾಂಗ್ರೆಸ್ಸಿಗೆ ಅವನೇ ಅಧ್ಯಕ್ಷ.

ನಾಣ್ಯನೋಟ
ಕಲಮುಗಳ ಜೊತೆ ಹಣದ ವಿಷಯವನ್ನೂ ನೋಡಲೇಬೇಕು. ಇದನ್ನು ಬಿಟ್ಟರೆ 1765 ಅರ್ಥವಾಗುವುದಿಲ್ಲ.

ಫ್ರಾನ್ಸ್ ವಿರುದ್ಧದ ಸಪ್ತವಾರ್ಷಿಕ ಯುದ್ಧಕ್ಕೆ (1756–63) ಮೊದಲು ಬ್ರಿಟನ್ನಿನ ಸಾಲ ಸುಮಾರು ಏಳೂವರೆ ಕೋಟಿ ಪೌಂಡ್, 1763ಕ್ಕೆ 13 ಕೋಟಿ ದಾಟಿತ್ತು. ಬಡ್ಡಿಯೇ ವರ್ಷಕ್ಕೆ 40 ಲಕ್ಷ ಪೌಂಡ್ ಮೀರಿತ್ತು. ಅದರ ಮೇಲೆ ಅಮೆರಿಕದಲ್ಲಿ 10,000 ಸೈನಿಕರ ಕಾಯಂ ಪಡೆ ಇಡುವ ತೀರ್ಮಾನ. ಪಡೆಯ ಖರ್ಚಿನ ಒಂದು ಪಾಲನ್ನಾದರೂ ವಸಾಹತುಗಳು ಕೊಡಲಿ ಎಂಬ ಮಾತು ಲಂಡನ್ನಿನಲ್ಲಿ ಕೂತವರಿಗೆ ನ್ಯಾಯವಾಗಿಯೇ ಕಂಡಿತು.

ಈಗ ವಸಾಹತಿನ ಕಿಸೆ ನೋಡಿ. ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ನಿ. ಆದರೆ ಇಂಗ್ಲಿಷ್ ನಾಣ್ಯ ಅಲ್ಲಿ ಅಪರೂಪ. ಓಡಾಡುತ್ತಿದ್ದದ್ದು ಸ್ಪ್ಯಾನಿಷ್ ಬೆಳ್ಳಿ ಡಾಲರ್ ಮತ್ತು ವಸಾಹತುಗಳೇ ಅಚ್ಚು ಹಾಕಿದ ನೋಟು. ಒಂದು ಡಾಲರಿಗೆ ಸ್ಟರ್ಲಿಂಗ್ ಲೆಕ್ಕದಲ್ಲಿ 4 ಶಿಲಿಂಗ್ 6 ಪೆನ್ನಿ. ಅದೇ ಡಾಲರ್ ಬಾಸ್ಟನ್ನಿನಲ್ಲಿ 6 ಶಿಲಿಂಗ್, ಫಿಲಡೆಲ್ಫಿಯಾದಲ್ಲಿ 7 ಶಿಲಿಂಗ್ 6 ಪೆನ್ನಿ, ನ್ಯೂಯಾರ್ಕಿನಲ್ಲಿ 8 ಶಿಲಿಂಗ್. ಕಾಯ್ದೆಯಲ್ಲಿ ಬರೆದ ದರವೆಲ್ಲ ಸ್ಟರ್ಲಿಂಗ್, ಎಂದರೆ ಬೆಳ್ಳಿಯ ತೂಕದಲ್ಲಿ. ಆ ಬೆಳ್ಳಿ ಬರುತ್ತಿದ್ದ ದಾರಿ ಮುಖ್ಯವಾಗಿ ವೆಸ್ಟ್ ಇಂಡೀಸ್ ವ್ಯಾಪಾರ, ಸಕ್ಕರೆ ಕಾಯ್ದೆ ಬಿಗಿ ಮಾಡಿದ್ದು ಅದನ್ನೇ. ಅದೇ 1764ರಲ್ಲಿ ಕರೆನ್ಸಿ ಕಾಯ್ದೆ ಬಂದು, ನ್ಯೂ ಇಂಗ್ಲೆಂಡಿನ ದಕ್ಷಿಣಕ್ಕಿರುವ ವಸಾಹತುಗಳು ಹೊಸ ನೋಟನ್ನು ಸಾಲ ತೀರಿಸುವ ಕಡ್ಡಾಯ ಹಣವಾಗಿ ಹೊರಡಿಸಬಾರದು, ಹಳೆಯದನ್ನು ಅವಧಿ ಮುಗಿದಂತೆ ವಾಪಸು ಪಡೆಯಬೇಕು ಎಂದಿತು. ನ್ಯೂ ಇಂಗ್ಲೆಂಡಿಗೆ ಈ ಕಟ್ಟು 1751ರಿಂದಲೇ ಇತ್ತು.

ಯುದ್ಧ ಮುಗಿದು ಸೈನ್ಯದ ಖರೀದಿ ನಿಂತ ಮಂದಗತಿಯ ಕಾಲ. ನೋಟು ಕಡಿಮೆ, ಬೆಳ್ಳಿ ಕಡಿಮೆ, ಆಗ ಬೆಳ್ಳಿಯಲ್ಲೇ ತೆರಿಗೆ ಕೊಡಿ ಎಂದರು. ಹಣ ಅಮೆರಿಕದಲ್ಲೇ ಖರ್ಚಾಗುತ್ತದೆ ಎಂದು ಗ್ರೆನ್‌ವಿಲ್ ಸಮಾಧಾನ ಹೇಳಿದ. ಆದರೆ ಪಡೆ ಹೆಚ್ಚಾಗಿ ಇದ್ದದ್ದು ಕೆನಡಾ, ಫ್ಲಾರಿಡಾ, ಒಳನಾಡಿನ ಗಡಿಕೋಟೆಗಳಲ್ಲಿ. ಕರಾವಳಿ ಪಟ್ಟಣದಿಂದ ಹೋದ ಬೆಳ್ಳಿ ಅಲ್ಲಿಗೆ ಹೋಯಿತು.

ಅಚ್ಚಿನಮೊಳೆ
ಸ್ಟಾಂಪ್ ಕಾಯ್ದೆಯ ದರಪಟ್ಟಿ ಇಲ್ಲಿ ಹಾಕುತ್ತೇನೆ, ಯಾಕೆಂದರೆ ಯಾರ ಯಾರ ಕೈಗೆ ತಾಗಿತು ಎಂಬುದು ಅದರಲ್ಲೇ ಇದೆ. ಮಂಜೂರಾದದ್ದು 22 ಮಾರ್ಚ್ 1765, ಜಾರಿಗೆ ಬರಬೇಕಿದ್ದದ್ದು ನವೆಂಬರ್ 1.

ಪತ್ರಿಕೆಗೆ ಅರ್ಧ ಹಾಳೆಯಾದರೆ ಪ್ರತಿಗೆ ಅರ್ಧ ಪೆನ್ನಿ, ಪೂರ್ತಿ ಹಾಳೆಗೆ 1 ಪೆನ್ನಿ. ಪತ್ರಿಕೆಯ ಪ್ರತಿ ಜಾಹೀರಾತಿಗೆ 2 ಶಿಲಿಂಗ್, ಜಾಹೀರಾತು ಎರಡು ಸಾಲಿನದಾದರೂ ಅಷ್ಟೇ. ಒಂದೇ ಹಾಳೆಯ ಪಂಚಾಂಗಕ್ಕೆ 2 ಪೆನ್ನಿ. ಇಸ್ಪೀಟು ಕಟ್ಟಿಗೆ 1 ಶಿಲಿಂಗ್, ಜೂಜಿನ ದಾಳ ಜೋಡಿಗೆ 10 ಶಿಲಿಂಗ್. 100 ಎಕರೆವರೆಗಿನ ಜಮೀನು ಪತ್ರಕ್ಕೆ 1 ಶಿಲಿಂಗ್ 6 ಪೆನ್ನಿ. ಮದ್ಯದಂಗಡಿಯ ಪರವಾನಗಿಗೆ 20 ಶಿಲಿಂಗ್, ಕಾಲೇಜು ಪದವಿಪತ್ರಕ್ಕೆ 2 ಪೌಂಡ್, ವಕೀಲನ ಸನದಿಗೆ 10 ಪೌಂಡ್. @ನಾಣ್ಯನೋಟ ಅವರ ಲೆಕ್ಕ ಹಿಡಿದರೆ ವಕೀಲನ ಸನದಿಗೆ ಸುಮಾರು 44 ಸ್ಪ್ಯಾನಿಷ್ ಬೆಳ್ಳಿ ಡಾಲರ್. ಇಂಗ್ಲಿಷ್ ಅಲ್ಲದ ಭಾಷೆಯ ದಸ್ತಾವೇಜಿಗೆ ದುಪ್ಪಟ್ಟು ದರ. ಪೆನ್ಸಿಲ್ವೇನಿಯಾದ ಜರ್ಮನ್ ಮುದ್ರಕರಿಗೆ ಇದು ನೇರ ಪೆಟ್ಟು. ದಸ್ತಾವೇಜಿಗೆ ಛಾಪಾ ಇಲ್ಲದಿದ್ದರೆ ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಒಪ್ಪುವಂತಿಲ್ಲ. ತಪ್ಪಿದವರ ಮೇಲಿನ ಮೊಕದ್ದಮೆಯನ್ನು ಇಲ್ಲಿಯೂ ಜ್ಯೂರಿ ಇಲ್ಲದ ಅಡ್ಮಿರಾಲ್ಟಿ ನ್ಯಾಯಾಲಯಕ್ಕೆ ಒಯ್ಯಬಹುದು. ಜಮೀನು ಪತ್ರಕ್ಕೂ ಸಮುದ್ರಕ್ಕೂ ಏನು ಸಂಬಂಧ ಎಂದು ಆಗಲೇ ಕೇಳಿದರು.

ವಕೀಲ, ಮುದ್ರಕ, ವ್ಯಾಪಾರಿ, ಪಾನಗೃಹದವ: ಊರಿನಲ್ಲಿ ಮಾತಾಡುವವರು, ಬರೆಯುವವರು, ಜನ ಸೇರುವ ಜಾಗ ಇಟ್ಟುಕೊಂಡವರು ಎಲ್ಲರೂ ಒಂದೇ ಏಟಿಗೆ ಸಿಕ್ಕಿದರು. ಸಕ್ಕರೆ ಕಾಯ್ದೆ ಬಂದರುಗಳ ಸಮಸ್ಯೆಯಾಗಿತ್ತು, ಇದು ಎಲ್ಲ 13 ಕಡೆ ಒಂದೇ ದಿನ ಬೀಳುವ ತೆರಿಗೆ.

ಇಷ್ಟಾಗಿ ಕಾಯ್ದೆ ಬಿದ್ದದ್ದು ಅದರ ಜಾರಿಯ ವಿನ್ಯಾಸದಲ್ಲಿ. ಛಾಪಾವನ್ನು ಅಮೆರಿಕದಲ್ಲಿ ಒತ್ತುತ್ತಿರಲಿಲ್ಲ. ಮೊದಲೇ ಒತ್ತಿದ ಕಾಗದ ಲಂಡನ್ನಿನಿಂದ ಹಡಗಿನಲ್ಲಿ ಬಂದು, ಪ್ರತಿ ವಸಾಹತಿನ ಒಬ್ಬ ಹಂಚಿಕೆದಾರನ ಕೈ ಸೇರಬೇಕು, ಅವನಿಂದ ಮಾರಾಟವಾಗಬೇಕು. ಅಂದರೆ ಒಂದು ವಸಾಹತಿನ ಇಡೀ ವಸೂಲಿ ಒಬ್ಬ ಸ್ಥಳೀಯ ಮನುಷ್ಯನ ಮೇಲೆ ನಿಂತಿತ್ತು. 14 ಆಗಸ್ಟ್ 1765ರಂದು ಬಾಸ್ಟನ್ನಿನಲ್ಲಿ ಅಲ್ಲಿನ ಹಂಚಿಕೆದಾರ ಆ್ಯಂಡ್ರೂ ಆಲಿವರ್‌ನ ಪ್ರತಿಕೃತಿಯನ್ನು ಎಲ್ಮ್ ಮರಕ್ಕೆ ನೇತುಹಾಕಿದರು, ಸಂಜೆ ಅವನ ಹೊಸ ಕಟ್ಟಡ ಕೆಡವಿದರು, ಮಾರನೆಯ ದಿನ ಅವನು ಹುದ್ದೆ ಬಿಡಲು ಒಪ್ಪಿದ. 26ರಂದು ಉಪ ಗವರ್ನರ್ ಥಾಮಸ್ ಹಚಿನ್‌ಸನ್ನನ ಮನೆ ಗೋಡೆ ಮಾತ್ರ ಉಳಿಯುವಂತೆ ಧ್ವಂಸವಾಯಿತು. ಸುದ್ದಿ ಹರಡಿದಂತೆ ಉಳಿದ ಕಡೆಯ ಹಂಚಿಕೆದಾರರೂ ಒಬ್ಬೊಬ್ಬರಾಗಿ ಕೈಬಿಟ್ಟರು. ನವೆಂಬರ್ 1ಕ್ಕೆ ಕಾಗದ ಕೋಟೆಗಳಲ್ಲಿತ್ತು, ಮಾರುವವರಿಲ್ಲ. ಮುಂದೆ ಸ್ವಲ್ಪವಾದರೂ ಮಾರಾಟವಾದದ್ದು ಜಾರ್ಜಿಯಾದಲ್ಲಿ ಮಾತ್ರ.

ಆಮೇಲಿನ ಇಕ್ಕಟ್ಟು ಸುಂಕದವರದ್ದು. ಛಾಪಾ ಇಲ್ಲದೆ ಹಡಗಿಗೆ ರಹದಾರಿ ಕೊಟ್ಟರೆ ಕಾಯ್ದೆ ಉಲ್ಲಂಘನೆ, ಕೊಡದಿದ್ದರೆ ಬಂದರಿನ ತುಂಬ ಕೆಲಸವಿಲ್ಲದ ನಾವಿಕರು. ಕೊನೆಗೆ ‘ಛಾಪಾ ಕಾಗದ ಲಭ್ಯವಿಲ್ಲ’ ಎಂಬ ಷರಾ ಬರೆದು ಬಿಟ್ಟರು. ವರ್ಜೀನಿಯಾ ನವೆಂಬರ್ ಮೊದಲ ವಾರದಲ್ಲೇ ಹೀಗೆ ಮಾಡಿತು, ಬಾಸ್ಟನ್ ಡಿಸೆಂಬರ್ 17ರಂದು. ಅತ್ತ ನ್ಯಾಯಾಲಯಗಳು ಮುಚ್ಚಿದ್ದರಿಂದ ಸಾಲ ಕೊಟ್ಟಿದ್ದ ಲಂಡನ್ನಿನವರು ಬಾಕಿ ವಸೂಲಿಗೆ ದಾವೆ ಹಾಕಲಾರದೆ ಕೂತರು. ಅಕ್ಟೋಬರ್ 31ರಂದು ನ್ಯೂಯಾರ್ಕಿನ 200 ವ್ಯಾಪಾರಿಗಳು ಬ್ರಿಟಿಷ್ ಸರಕು ತರಿಸುವುದಿಲ್ಲ ಎಂದು ಸಹಿ ಹಾಕಿದ್ದರು. ಕಾಯ್ದೆ ರದ್ದಿಗೆ ಬ್ರಿಟಿಷ್ ವ್ಯಾಪಾರಿಗಳೇ ಅರ್ಜಿ ಹಿಡಿದು ಸಂಸತ್ತಿಗೆ ಹೋದರು. 18 ಮಾರ್ಚ್ 1766ರಂದು ರದ್ದಾಯಿತು. ಅದೇ ದಿನ ಇನ್ನೊಂದು ಕಾಯ್ದೆ: ವಸಾಹತುಗಳನ್ನು ‘ಯಾವುದೇ ವಿಷಯದಲ್ಲಾಗಲಿ’ ಕಟ್ಟಿಹಾಕುವ ಅಧಿಕಾರ ಸಂಸತ್ತಿಗಿದೆ ಎಂಬ ಘೋಷಣೆ. ಬಾಸ್ಟನ್ನಿನಲ್ಲಿ ಪಟಾಕಿ ಹೊಡೆಯುವ ಸಂಭ್ರಮದಲ್ಲಿ ಈ ಎರಡನೆಯದನ್ನು ಹೆಚ್ಚು ಜನ ಗಮನಿಸಲಿಲ್ಲ.

ಹೊಸಓದುಗ
ಒಂದು ಸಣ್ಣ ಅನುಮಾನ. 1765ರ ಸೈನಿಕರ ವಸತಿ ಕಾಯ್ದೆಯಲ್ಲಿ ಜನರ ಮನೆಗಳಿಗೆ ಸೈನಿಕರನ್ನು ನುಗ್ಗಿಸಿದರು ಎಂದು ಓದಿದ್ದೇನೆ. ಅದೇ ದೊಡ್ಡ ಕಾರಣವೇ?

ಅಚ್ಚಿನಮೊಳೆ
@ಹೊಸಓದುಗ ಇಲ್ಲ. ವಾಸದ ಮನೆಗಳಿಗೆ ಆ ಕಾಯ್ದೆ ಕೈ ಹಾಕಲಿಲ್ಲ. ಮೊದಲು ಬ್ಯಾರಕ್, ಅದು ಸಾಲದಿದ್ದರೆ ಛತ್ರ, ಪಾನಗೃಹ, ಅದೂ ಸಾಲದಿದ್ದರೆ ಖಾಲಿ ಮನೆ, ಕೊಟ್ಟಿಗೆ, ಇದು ಕ್ರಮ. ಜಗಳ ಎದ್ದದ್ದು ಖರ್ಚಿಗೆ. ಉರುವಲು, ಮೇಣದಬತ್ತಿ, ಉಪ್ಪು, ವಿನೆಗರ್, ಹಾಸಿಗೆ, ಜೊತೆಗೆ ಬಿಯರ್ ಅಥವಾ ಸೈಡರ್ ಇಲ್ಲವೇ ರಮ್, ಇವನ್ನು ವಸಾಹತಿನ ಶಾಸನಸಭೆಯೇ ಕೊಡಬೇಕು. ಸಂಸತ್ತು ಹೇಳಿದ್ದಕ್ಕೆ ಶಾಸನಸಭೆ ಹಣ ಮಂಜೂರು ಮಾಡಲೇಬೇಕು ಎಂದಾದರೆ ಅದೂ ತೆರಿಗೆಯೇ ಎಂದು ನ್ಯೂಯಾರ್ಕ್ ಪೂರ್ತಿ ಪಾಲಿಸಲಿಲ್ಲ. 1767ರಲ್ಲಿ ಸಂಸತ್ತು, ನೀವು ಪಾಲಿಸುವವರೆಗೆ ನಿಮ್ಮ ಸಭೆ ಯಾವ ಶಾಸನವನ್ನೂ ಮಾಡುವಂತಿಲ್ಲ ಎಂಬ ಕಾಯ್ದೆ ತಂದಿತು. ಅಷ್ಟರಲ್ಲಿ ನ್ಯೂಯಾರ್ಕ್ ಹಣ ಕೊಟ್ಟಿದ್ದರಿಂದ ಅದು ಜಾರಿಯಾಗಲಿಲ್ಲ. ಆದರೆ ಒಂದು ಶಾಸನಸಭೆಯನ್ನು ಲಂಡನ್ನಿನಿಂದ ಬಾಯಿ ಮುಚ್ಚಿಸಬಹುದು ಎಂಬುದು ಎಲ್ಲ 13 ಕಡೆಗೂ ತಿಳಿಯಿತು.

ಶಾಸನಪ್ರಿಯ
ಟೌನ್‌ಶೆಂಡ್ ಸುಂಕಗಳ ಬಗ್ಗೆ ಎಲ್ಲರೂ ಗಾಜು, ಸೀಸ, ಬಣ್ಣ, ಕಾಗದ, ಚಹಾ ಎಂದು ಪಟ್ಟಿ ಹೇಳಿ ಮುಂದೆ ಹೋಗುತ್ತಾರೆ. ಬ್ರಿಟನ್ನಿನ ಹಣಕಾಸು ಸಚಿವ ಚಾರ್ಲ್ಸ್ ಟೌನ್‌ಶೆಂಡ್ ನಿರೀಕ್ಷಿಸಿದ್ದು ವರ್ಷಕ್ಕೆ ಸುಮಾರು 40,000 ಪೌಂಡ್, ಸೈನ್ಯದ ಖರ್ಚಿಗೆ ಮೂಲೆಗೂ ಸಾಲದ ಮೊತ್ತ. ಹಾಗಿದ್ದರೆ ಯಾಕೆ? ಉತ್ತರ 1767ರ ಕಾಯ್ದೆಯ ಪೀಠಿಕೆಯಲ್ಲೇ ಇದೆ: ನ್ಯಾಯಾಡಳಿತ ಮತ್ತು ಸರ್ಕಾರದ ವೆಚ್ಚಕ್ಕೆ. ಅಂದರೆ ಗವರ್ನರ್ ಮತ್ತು ನ್ಯಾಯಾಧೀಶರ ಸಂಬಳಕ್ಕೆ.

ಮ್ಯಾಸಚೂಸೆಟ್ಸ್‌ನಲ್ಲಿ ಗವರ್ನರನನ್ನು ನೇಮಿಸುವವನು ರಾಜ, ಸಂಬಳವನ್ನು ವರ್ಷ ವರ್ಷ ಮಂಜೂರು ಮಾಡುವುದು ಚುನಾಯಿತ ಸಭೆ. ಸಭೆಯ ಕೈಯಲ್ಲಿದ್ದ ಏಕೈಕ ಲಗಾಮು ಅದು. ಸಂಬಳ ಸುಂಕದ ಹಣದಿಂದ ಬಂದರೆ ಗವರ್ನರ್ ಸಭೆ ಕರೆಯುವ ಅಗತ್ಯವೇ ಕಡಿಮೆ. ನನ್ನ ಪ್ರಕಾರ 1764ರಿಂದ 1775ರವರೆಗಿನ ಎಲ್ಲ ಕಾಯ್ದೆಗಳಲ್ಲಿ ಅತ್ಯಂತ ಅಪಾಯಕಾರಿ ಕಲಮು ಇದು. @ಕಡಲಂಚು ಕೇಳಿದ 1766ರ 1 ಪೆನ್ನಿಯ ಪ್ರಶ್ನೆಗೂ ಇದರಲ್ಲಿ ಅರ್ಧ ಉತ್ತರವಿದೆ: ಆ ಪೆನ್ನಿ ಯಾರ ಸಂಬಳವನ್ನೂ ಸಭೆಯ ಕೈಯಿಂದ ಕಿತ್ತುಕೊಳ್ಳಲಿಲ್ಲ.

ಇದರ ಜೊತೆಗೆ ಬಾಸ್ಟನ್ನಿನಲ್ಲೇ ಕೂರುವ ಸುಂಕ ಆಯುಕ್ತರ ಮಂಡಳಿ ಬಂತು, 1768ರಲ್ಲಿ ಹ್ಯಾಲಿಫ್ಯಾಕ್ಸ್, ಬಾಸ್ಟನ್, ಫಿಲಡೆಲ್ಫಿಯಾ, ಚಾರ್ಲ್ಸ್‌ಟನ್ ನಾಲ್ಕು ಕಡೆ ಅಡ್ಮಿರಾಲ್ಟಿ ನ್ಯಾಯಾಲಯಗಳು. ಜೂನ್ 10ರಂದು ಬಾಸ್ಟನ್ನಿನ ವ್ಯಾಪಾರಿ ಜಾನ್ ಹ್ಯಾನ್‌ಕಾಕ್‌ನ ‘ಲಿಬರ್ಟಿ’ ಹಡಗನ್ನು ಜಪ್ತಿ ಮಾಡಿದಾಗ ಊರು ತಿರುಗಿಬಿದ್ದು ಆಯುಕ್ತರು ದ್ವೀಪದ ಕೋಟೆಗೆ ಓಡಿದರು. ಅವರ ಮೊರೆಗೆ ಅಕ್ಟೋಬರ್ 1ರಂದು ಸೈನ್ಯ ಇಳಿಯಿತು. ಸುಮಾರು 16,000 ಜನರ ಪಟ್ಟಣ ಅದು. 5 ಮಾರ್ಚ್ 1770ರಂದು ಆ ಸೈನಿಕರ ಗುಂಡಿನೇಟಿಗೆ ಐವರು ಸತ್ತರು. ಅದೇ ದಿನ ಲಂಡನ್ನಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಚಹಾ ಬಿಟ್ಟು ಉಳಿದ ಸುಂಕಗಳ ರದ್ದತಿಯನ್ನು ಮಂಡಿಸುತ್ತಿದ್ದ. ಇಂಗ್ಲೆಂಡಿನಿಂದ ಈ ವಸಾಹತುಗಳಿಗೆ ಹೋಗುತ್ತಿದ್ದ ಸರಕು 1768ರ ಸುಮಾರು 21 ಲಕ್ಷ ಪೌಂಡಿನಿಂದ 1769ರಲ್ಲಿ 13 ಲಕ್ಷಕ್ಕೆ ಕುಸಿದಿತ್ತು, ಬಹಿಷ್ಕಾರ ಅಷ್ಟು ಬಲವಾಗಿತ್ತು.

1772ರಲ್ಲಿ ಮ್ಯಾಸಚೂಸೆಟ್ಸ್ ನ್ಯಾಯಾಧೀಶರಿಗೂ ರಾಜನ ಸಂಬಳ ಎಂಬ ಸುದ್ದಿ ಬಂದಾಗ ವಿರೋಧಿಗಳ ಮುಂದಾಳು ಸ್ಯಾಮ್ಯುಯೆಲ್ ಆಡಮ್ಸ್ ಬಾಸ್ಟನ್ ಪೌರಸಭೆಯಲ್ಲಿ, ಬೇರೆ ಊರುಗಳೊಡನೆ ಸಂಪರ್ಕ ಇಡುವ ಪತ್ರವ್ಯವಹಾರ ಸಮಿತಿ ಕಟ್ಟಿಸಿದ. ಹೊಸ ಸುಂಕ ಒಂದೂ ಇಲ್ಲದ ವರ್ಷ ಅದು.

ಕಡಲಂಚು
@ಶಾಸನಪ್ರಿಯ ಸಂಬಳದ ವಾದ ಗಟ್ಟಿಯಾಗಿದೆ, ಒಪ್ಪಿದೆ. ಚಹಾದ ವಿಷಯ ನಾನು ಬರೆಯುತ್ತೇನೆ, ಯಾಕೆಂದರೆ ಬಾಸ್ಟನ್ನಿನಲ್ಲಿ ಚಹಾ ನೀರಿಗೆ ಬಿದ್ದದ್ದು 16 ಡಿಸೆಂಬರ್ 1773ರ ರಾತ್ರಿಯೇ ಏಕೆ ಎಂಬುದಕ್ಕೆ ಕಾರಣ ಸುಂಕದ ನಿಯಮಾವಳಿಯಲ್ಲಿದೆ.

ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಗೋದಾಮುಗಳಲ್ಲಿ 1 ಕೋಟಿ 70 ಲಕ್ಷ ಪೌಂಡ್ ತೂಕದಷ್ಟು ಚಹಾ ಕೊಳೆಯುತ್ತಿತ್ತು. ಡಚ್ಚರಿಂದ ಕದ್ದು ತಂದ ಚಹಾ ಅಮೆರಿಕದಲ್ಲಿ ಅಗ್ಗವಾಗಿತ್ತು. 1773ರ ಕಾಯ್ದೆ ಕಂಪನಿಗೆ ಬ್ರಿಟನ್ನಿನ ಆಮದು ಸುಂಕವನ್ನು ಪೂರ್ತಿ ವಾಪಸು ಕೊಟ್ಟಿತು, ಹರಾಜಿಲ್ಲದೆ ನೇರವಾಗಿ ತನ್ನ ಮುನೀಮರಿಗೆ ಕಳಿಸಲು ಬಿಟ್ಟಿತು. ಅಮೆರಿಕದಲ್ಲಿ ಚಹಾದ ಮೇಲಿದ್ದ 3 ಪೆನ್ನಿ ಸುಂಕವನ್ನು ಮಾತ್ರ ಉಳಿಸಿಕೊಂಡಿತು. ಅದನ್ನೂ ತೆಗೆಯಿರಿ ಎಂದು ಸಂಸತ್ತಿನಲ್ಲೇ ಸಲಹೆ ಬಂತು, ನಾರ್ತ್ ಒಪ್ಪಲಿಲ್ಲ. ಆ 3 ಪೆನ್ನಿಯಿಂದಲೇ ಸಂಬಳ ಹೋಗುತ್ತಿತ್ತಲ್ಲ. ಬಾಸ್ಟನ್ನಿನ ಮುನೀಮರಲ್ಲಿ ಇಬ್ಬರು ಗವರ್ನರ್ ಹಚಿನ್‌ಸನ್ನನ ಮಕ್ಕಳು.

ಈಗ ಗಂಟು ನೋಡಿ. ‘ಡಾರ್ಟ್‌ಮೌತ್’ ಹಡಗು ನವೆಂಬರ್ 28ರಂದು ಬಾಸ್ಟನ್ ತಲುಪಿ ಸುಂಕ ಕಚೇರಿಯಲ್ಲಿ ದಾಖಲಾಯಿತು. ನಿಯಮದಂತೆ 20 ದಿನದೊಳಗೆ ಸುಂಕ ಕಟ್ಟದಿದ್ದರೆ ಅಧಿಕಾರಿಗಳು ಸರಕನ್ನು ಹಿಡಿದು ಮಾರಬಹುದು. ಹಾಗೆ ಮಾರಿದರೆ ಸುಂಕ ತಾನಾಗಿ ಸಂದಾಯವಾದಂತೆ. ಗಡುವು ಡಿಸೆಂಬರ್ 17. ಚಹಾ ಹೊತ್ತು ವಾಪಸು ಹೋಗೋಣವೆಂದರೆ ಒಮ್ಮೆ ರಫ್ತಾದ ಚಹಾವನ್ನು ಇಂಗ್ಲೆಂಡಿಗೆ ತಿರುಗಿ ತಂದರೆ ಅಲ್ಲಿ ಜಪ್ತಿ. ಸುಂಕ ಕಟ್ಟದೆ ರಹದಾರಿ ಇಲ್ಲ, ರಹದಾರಿ ಇಲ್ಲದೆ ಹೊರಟರೆ ಕೋಟೆಯ ಫಿರಂಗಿ. ಹಡಗಿನ ಮಾಲೀಕ ಫ್ರಾನ್ಸಿಸ್ ರಾಚ್ 16ರಂದು ಮಿಲ್ಟನ್ನಿನಲ್ಲಿದ್ದ ಹಚಿನ್‌ಸನ್ನನ ಮನೆಯವರೆಗೂ ಹೋಗಿ ಅನುಮತಿ ಕೇಳಿದ, ಸಿಗಲಿಲ್ಲ. ಅವನು ಮರಳಿ ಬಂದು ಹಾಗೆಂದು ನೆರೆದಿದ್ದ ಊರಿನವರ ಸಭೆಗೆ ಹೇಳಿದ ಮೇಲೆ ಮೂರು ಹಡಗುಗಳಿಂದ 340ಕ್ಕೂ ಹೆಚ್ಚು ಪೆಟ್ಟಿಗೆ ಚಹಾ, 90,000 ಪೌಂಡ್ ತೂಕಕ್ಕೂ ಮಿಗಿಲಾದದ್ದು, ನೀರಿಗೆ ಹೋಯಿತು. ಕಂಪನಿ ಹೇಳಿದ ನಷ್ಟ 9,659 ಪೌಂಡ್. ಫಿಲಡೆಲ್ಫಿಯಾದಲ್ಲಿ ಹಡಗನ್ನು ಸುಂಕ ಕಚೇರಿಯಲ್ಲಿ ದಾಖಲಾಗುವ ಮೊದಲೇ ತಡೆದು ತಿರುಗಿಸಿದ್ದರಿಂದ ಈ ಗಂಟು ಬೀಳಲೇ ಇಲ್ಲ. ಚಾರ್ಲ್ಸ್‌ಟನ್ನಿನಲ್ಲಿ ಗಡುವು ಮುಗಿದು ಅಧಿಕಾರಿಗಳು ಚಹಾವನ್ನು ನೆಲಮಾಳಿಗೆಗೆ ಸೇರಿಸಿದರು, ಆದರೆ ಮಾರಲಿಲ್ಲ.

ನಾಣ್ಯನೋಟ
ಕಂಪನಿ ಆ ಸ್ಥಿತಿಗೆ ಬಂದದ್ದಕ್ಕೆ ನಮ್ಮ ಕಡೆಯ ಎಳೆಯೂ ಒಂದಿದೆ. 1765ರಲ್ಲಿ ಬಂಗಾಳದ ದಿವಾನಿ (ಕಂದಾಯ ವಸೂಲಿಯ ಹಕ್ಕು) ಸಿಕ್ಕಿದ ಮೇಲೆ ಷೇರು ಬೆಲೆ ಏರಿತ್ತು, ಸರ್ಕಾರ ವರ್ಷಕ್ಕೆ 4 ಲಕ್ಷ ಪೌಂಡ್ ಕಟ್ಟಿಸಿಕೊಳ್ಳತೊಡಗಿತ್ತು. ಮೊದಲ ಮೈಸೂರು ಯುದ್ಧದಲ್ಲಿ ಹೈದರಾಲಿಯ ಮುನ್ನಡೆಯ ಸುದ್ದಿ 1769ರ ಮೇನಲ್ಲಿ ಲಂಡನ್ ಮುಟ್ಟಿದಾಗ ಷೇರು ಕುಸಿಯಿತು. ಆಮೇಲೆ 1770ರ ಬಂಗಾಳದ ಕ್ಷಾಮ, ಅತಿಯಾದ ಲಾಭಾಂಶ, 1772ರ ಜೂನಿನ ಸಾಲ ಮಾರುಕಟ್ಟೆಯ ಬಿಕ್ಕಟ್ಟು. 1773ರಲ್ಲಿ ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟು ಕಂಪನಿಯನ್ನು ಉಳಿಸಬೇಕಾಯಿತು, ಚಹಾ ಕಾಯ್ದೆ ಅದೇ ಕಂತಿನದು. ಹೈದರನಿಂದ ಬಾಸ್ಟನ್ ಚಹಾ ಎಂದು ಯಾರೂ ಎಳೆದು ಹೇಳಬಾರದು. ಹಲವು ಕಾರಣಗಳಲ್ಲಿ ಅದೊಂದು. ಆದರೆ ಅಮೆರಿಕನ್ನರಿಗೆ ಅವನ ಹೆಸರು ಗೊತ್ತಿತ್ತು: 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಯುದ್ಧನೌಕೆಯ ಹೆಸರೇ ‘ಹೈದರ್ ಅಲಿ’.

ಹೊಸಓದುಗ
ಚಹಾ ನೀರಿಗೆ ಹಾಕಿದ್ದಕ್ಕೆ ತಂದ 1774ರ ದಂಡನೆಯ ಕಾಯ್ದೆಗಳಲ್ಲಿ ಬಾಸ್ಟನ್ ಬಂದರು ಮುಚ್ಚಿದ್ದೇ ತಾನೇ ನಿರ್ಣಾಯಕ?

ಶಾಸನಪ್ರಿಯ
ಬಂದರು ಕಾಯ್ದೆ ಜೂನ್ 1ರಿಂದ ಬಾಸ್ಟನ್ನಿನ ಹೊಟ್ಟೆಗೆ ಹೊಡೆಯಿತು. ಉರುವಲು, ಆಹಾರ ಕೂಡ ಮಾರ್ಬಲ್‌ಹೆಡ್ಡಿನಲ್ಲಿ ತಪಾಸಣೆಯಾಗಿ ಸುಂಕದವನ ಕಾವಲಿನಲ್ಲಿ ಬರಬೇಕು. ಆದರೆ ಹಳ್ಳಿಗಾಡನ್ನು ಎಬ್ಬಿಸಿದ್ದು ಮ್ಯಾಸಚೂಸೆಟ್ಸ್ ಸರ್ಕಾರ ಕಾಯ್ದೆ. ಕಾಕಂಬಿ ತರಿಸದ, ಚಹಾದ ಹಡಗು ನೋಡದ ರೈತನ ಬಾಗಿಲಿಗೆ ಬಂದ ಮೊದಲ ಕಾಯ್ದೆ ಅದು. ಪೌರಸಭೆ ವರ್ಷಕ್ಕೊಮ್ಮೆ ಮಾತ್ರ, ಇನ್ನೊಂದು ನಡೆಸಲು ಗವರ್ನರನ ಲಿಖಿತ ಅನುಮತಿ. ಮೇಲ್ಸಭೆಯ ಸದಸ್ಯರನ್ನು ಇನ್ನು ಮೇಲೆ ರಾಜನೇ ನೇಮಿಸುತ್ತಾನೆ. ಜ್ಯೂರಿಯನ್ನು ಊರಿನವರು ಆರಿಸುವಂತಿಲ್ಲ, ಗವರ್ನರ್ ನೇಮಿಸಿದ ಷರೀಫ್ ಕರೆಯುತ್ತಾನೆ. ಜಮೀನು, ಸಾಲ, ಬೇಲಿಯ ವ್ಯಾಜ್ಯವೆಲ್ಲ ನಡೆಯುವುದು ಆ ಜ್ಯೂರಿಯ ಮುಂದೆ.

6 ಸೆಪ್ಟೆಂಬರ್ 1774ರಂದು ವುಸ್ಟರ್ ಪಟ್ಟಣದಲ್ಲಿ ಕೌಂಟಿ ನ್ಯಾಯಾಲಯ ಕೂರಬೇಕಿತ್ತು. 37 ಊರುಗಳಿಂದ 4,622 ಜನ ಪಡೆಕಟ್ಟಿ ಬಂದು, ಬೀದಿಯ ಎರಡೂ ಬದಿ ಸಾಲು ನಿಂತರು. ನ್ಯಾಯಾಧೀಶರು, ಷರೀಫ್, ವಕೀಲರು ಟೊಪ್ಪಿ ಕೈಯಲ್ಲಿ ಹಿಡಿದು ಆ ಸಾಲುಗಳ ನಡುವೆ ನಡೆಯುತ್ತ, ಹೊಸ ಕಾಯ್ದೆಯಡಿ ಕೆಲಸ ಮಾಡುವುದಿಲ್ಲ ಎಂಬ ಹೇಳಿಕೆಯನ್ನು ಎಲ್ಲರಿಗೂ ಕೇಳುವಂತೆ ಮತ್ತೆ ಮತ್ತೆ ಓದಬೇಕಾಯಿತು. ಗುಂಡು ಹಾರಲಿಲ್ಲ. ಯುದ್ಧ ಶುರುವಾದ ಲೆಕ್ಸಿಂಗ್ಟನ್ ಕಾಳಗಕ್ಕೆ ಇನ್ನೂ ಏಳು ತಿಂಗಳಿತ್ತು, ಬಾಸ್ಟನ್ ಹೊರಗೆ ರಾಜನ ಆಡಳಿತ ಆಗಲೇ ನಿಂತುಹೋಗಿತ್ತು.

ಕಡತದಕೋಣೆ
ಇದಕ್ಕೆ ಸೇರಿಸಲೇಬೇಕಾದ್ದು ಆ ವರ್ಷದ ಅಕ್ಟೋಬರ್ 20ರಂದು ಫಿಲಡೆಲ್ಫಿಯಾದಲ್ಲಿ ಸೇರಿದ ವಸಾಹತುಗಳ ಪ್ರತಿನಿಧಿಗಳ ಕಾಂಗ್ರೆಸ್ ಒಪ್ಪಿದ ಬಹಿಷ್ಕಾರದ ಕರಾರು. 12 ವಸಾಹತುಗಳು ಬಂದಿದ್ದವು, ಜಾರ್ಜಿಯಾ ಬಂದಿರಲಿಲ್ಲ. ಡಿಸೆಂಬರ್ 1ರಿಂದ ಬ್ರಿಟಿಷ್ ಸರಕು ಬಂದ್, ಗುಲಾಮರ ಆಮದೂ ಬಂದ್. ಪ್ರತಿ ಕೌಂಟಿ, ನಗರ, ಊರಿನಲ್ಲಿ ಮತದಾರರು ಸಮಿತಿ ಆರಿಸಬೇಕು. ಡಿಸೆಂಬರ್ 1ರಿಂದ ಫೆಬ್ರುವರಿ 1ರೊಳಗೆ ಬಂದ ಸರಕಿಗೆ ಮಾಲೀಕನಿಗೆ ಮೂರು ದಾರಿ: ವಾಪಸು ಕಳಿಸು, ಸಮಿತಿಯ ಗೋದಾಮಿನಲ್ಲಿಡು, ಇಲ್ಲವೇ ಸಮಿತಿ ಮಾರಿ ಅಸಲನ್ನು ನಿನಗೆ ಕೊಟ್ಟು ಲಾಭವನ್ನು ಬಾಸ್ಟನ್ನಿನ ಬಡವರಿಗೆ ಕಳಿಸುತ್ತದೆ. ಫೆಬ್ರುವರಿ 1ರ ನಂತರ ಬಂದದ್ದನ್ನು ಕಟ್ಟು ಬಿಚ್ಚದೆ ಹಿಂದಿರುಗಿಸಬೇಕು. ಮೀರಿದವರ ಹೆಸರು ಪತ್ರಿಕೆಯಲ್ಲಿ. ಬಂದರಿನಲ್ಲಿ ಹಡಗಿನ ಪಟ್ಟಿ ನೋಡುವವರು, ಸರಕು ತಡೆಹಿಡಿಯುವವರು, ಹರಾಜು ಹಾಕುವವರು ಈಗ ಊರಿನವರೇ ಆರಿಸಿದವರು.

ನಾಣ್ಯನೋಟ
@ಕಡತದಕೋಣೆ ರಫ್ತು ನಿಷೇಧವನ್ನು ಮಾತ್ರ 10 ಸೆಪ್ಟೆಂಬರ್ 1775ರವರೆಗೆ ಮುಂದೂಡಿದ್ದು ತಂಬಾಕಿಗಾಗಿ ತಾನೇ?

ಕಡತದಕೋಣೆ
ಹೌದು, ವರ್ಜೀನಿಯಾದ ಹಟದಿಂದ. 1774ರಲ್ಲಿ ಕೊಯ್ದ ತಂಬಾಕು ಒಣಗಿ, ಹದವಾಗಿ, ಪೀಪಾಯಿಗೆ ತುಂಬಿ ಹಡಗು ಹತ್ತುವುದು ಮರುವರ್ಷ. ಅದು ಹೋಗದಿದ್ದರೆ ತೋಟದವರು ಬ್ರಿಟಿಷ್ ವ್ಯಾಪಾರಿಗಳ ಸಾಲ ತೀರಿಸುವುದು ಹೇಗೆ? ದಕ್ಷಿಣ ಕೆರೊಲಿನಾದ ಪ್ರತಿನಿಧಿಗಳಲ್ಲಿ ಕ್ರಿಸ್ಟಫರ್ ಗ್ಯಾಡ್ಸ್‌ಡನ್ ಹೊರತು ಉಳಿದವರು ಅಕ್ಕಿ ಮತ್ತು ನೀಲಿ (ಇಂಡಿಗೊ) ಬೆಳೆಗೆ ವಿನಾಯಿತಿ ಕೇಳಿ ಎದ್ದು ನಡೆದರು. ಯುರೋಪಿಗೆ ಹೋಗುವ ಅಕ್ಕಿಗೆ ವಿನಾಯಿತಿ ಕೊಟ್ಟು ಅವರನ್ನು ಕರೆತಂದರು, ನೀಲಿಗೆ ಕೊಡಲಿಲ್ಲ. ಆ ವ್ಯತ್ಯಾಸಕ್ಕೆ ಚಾರ್ಲ್ಸ್‌ಟನ್ನಿನಲ್ಲಿ ಅಕ್ಕಿ ಬೆಳೆಯುವವರಿಗೂ ನೀಲಿ ಬೆಳೆಯುವವರಿಗೂ ಜಗಳ ಹತ್ತಿತು. 1775ರ ಜನವರಿಯಲ್ಲಿ ಅಲ್ಲಿನ ಪ್ರಾಂತೀಯ ಸಭೆ ಬೇರೆ ಬೆಳೆಯವರ ನಷ್ಟವನ್ನು ಅಕ್ಕಿಯವರು ಹಂಚಿಕೊಳ್ಳುವ ಏರ್ಪಾಡು ಮಾಡಿಕೊಟ್ಟು ಅದನ್ನು ಬಗೆಹರಿಸಿತು.